ಟಾಮ್‌ಕ್ಯಾಟ್ ಲ್ಯಾಪ್‌ಟಾಪಿನಲ್ಲಿ ತೆರೆದರೆ ಸಾಲದು, ಫೋನಿನಲ್ಲೂ ತೆರೆಯಬೇಕು

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಶೀತಲಗೃಹದಲ್ಲಿಟ್ಟ ಒಣದ್ರಾಕ್ಷಿಯ ಲೆಕ್ಕವನ್ನು ಮೊಬೈಲಿನಲ್ಲಿಯೇ ನೋಡಿಕೊಳ್ಳುವಂಥ ಜಾಲತಾಣವೊಂದನ್ನು ಜಾವಾದಲ್ಲಿ ಕಟ್ಟಬೇಕೆಂದುಕೊಳ್ಳೋಣ. ನಮ್ಮ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಪ್ರಾಜೆಕ್ಟುಗಳನ್ನು ಉತ್ಸಾಹದಿಂದ ಕೈಗೆತ್ತಿಕೊಳ್ಳುತ್ತಾರೆ. ಆದರೆ ಜಾವಾ ಜಾಲತಾಣಗಳನ್ನು ನಡೆಸುವ ಅಪಾಚೆ ಟಾಮ್‌ಕ್ಯಾಟ್ ಎಂಬ ಸರ್ವರ್ ಹಾಕಿ, ಬ್ರೌಸರಿನಲ್ಲಿ ಅದರ ಸ್ವಾಗತ ಪುಟ ಕಂಡೊಡನೆ ಪರೀಕ್ಷೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಸರ್ವರ್ ಎದ್ದಿದೆ ಎಂಬುದಷ್ಟೇ ಆ ಪುಟದಿಂದ ತಿಳಿಯುತ್ತದೆ. ಬೆಳೆಗಾರರ ಫೋನಿನಿಂದ ಸರ್ವರ್ ಸಿಗುತ್ತದೆಯೇ, ಅವರು ಕನ್ನಡದಲ್ಲಿ ಬರೆದ ಹೆಸರು ಕೆಡದೆ ಉಳಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ನಿರ್ಧರಿಸಬೇಕಾದದ್ದು ಆವೃತ್ತಿ. ಟಾಮ್‌ಕ್ಯಾಟ್ 9ಕ್ಕೆ ಜಾವಾ 8 ಸಾಕು, 10.1ಕ್ಕೆ ಜಾವಾ 11, ಟಾಮ್‌ಕ್ಯಾಟ್ 11ಕ್ಕೆ ಜಾವಾ 17 ಬೇಕು. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಸರ್ವರ್ ಕೆಲಸಗಳಿಗಾಗಿರುವ ಜಾವಾ ಇಇ ಎಂಬ ಮಾನದಂಡ ಒರಾಕಲ್ ಕೈಯಿಂದ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋದ ಮೇಲೆ, ಹೊಸ ಹೆಸರಿನಲ್ಲಿ 2020ರಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಸರ್ವ್‌ಲೆಟ್ (ಬ್ರೌಸರಿನ ಕೋರಿಕೆಗೆ ಉತ್ತರ ಕೊಡುವ ಜಾವಾ ಕೋಡು) ಪ್ಯಾಕೇಜುಗಳ ಹೆಸರಿನ ಆರಂಭ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆಯಿತು, ಟಾಮ್‌ಕ್ಯಾಟ್ 10 ಈ ಹೊಸ ಹೆಸರುಗಳನ್ನೇ ಹುಡುಕುತ್ತದೆ. ಹಳೆಯ ಪಠ್ಯಪುಸ್ತಕದ ಸರ್ವ್‌ಲೆಟ್ ಕೋಡನ್ನು ಅದರಲ್ಲಿ ಹಾಕಿದರೆ, ಅನೊಟೇಶನ್ (ಕೋಡಿನಲ್ಲೇ @ ಗುರುತಿನಿಂದ ಬರೆಯುವ ಸೂಚನೆ) ಬಳಸಿದ ಸರ್ವ್‌ಲೆಟ್ ಯಾವ ದೋಷವನ್ನೂ ತೋರಿಸದೆ 404 (ಪುಟ ಸಿಗಲಿಲ್ಲ) ಕೊಟ್ಟು ಸುಮ್ಮನಾಗುತ್ತದೆ. ಪಾಠದ ಕೋಡು ಹಳೆಯದಾಗಿದ್ದರೆ 9ನ್ನೇ ಆರಿಸಿಕೊಳ್ಳಿ, ಹೊಸದಾಗಿ ಬರೆಯುವವರು 10.1 ಅಥವಾ 11ರಿಂದ ಆರಂಭಿಸುವುದು ಸರಿ. ಉಳಿದ ಅಳವಡಿಕೆ ಸುಲಭ: ಜಿಪ್ ಬಿಚ್ಚಿ, ಜಾವಾ ಹೋಮ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಜೆಡಿಕೆಯ (ಜಾವಾ ಅಭಿವೃದ್ಧಿ ಕಿಟ್) ಮೂಲ ಫೋಲ್ಡರಿನ ವಿಳಾಸ ಕೊಡಬೇಕು, ಅದರೊಳಗಿನ ಬಿನ್ ಫೋಲ್ಡರಿನದನ್ನಲ್ಲ.

ಇನ್ನು ಫೋನಿನ ವಿಷಯ. ಫೋನಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದರೆ ಅದು ಫೋನನ್ನೇ ಸೂಚಿಸುತ್ತದೆ, ಲ್ಯಾಪ್‌ಟಾಪನ್ನಲ್ಲ. ಎರಡನ್ನೂ ಒಂದೇ ವೈಫೈಗೆ ಸೇರಿಸಿ, 192.168 ಅಥವಾ 10ರಿಂದ ಆರಂಭವಾಗುವ ಲ್ಯಾಪ್‌ಟಾಪಿನ ಸ್ಥಳೀಯ ಐಪಿ ವಿಳಾಸದ ಕೊನೆಗೆ ಕೋಲನ್ ಹಾಕಿ 8080 ಎಂಬ ಪೋರ್ಟ್ ಸಂಖ್ಯೆ ಸೇರಿಸಬೇಕು. ಪುಟ ತೆರೆಯದಿದ್ದರೆ ಕೋಡನ್ನು ಮುಟ್ಟುವ ಮೊದಲು ಲಾಗ್ಸ್ ಫೋಲ್ಡರಿನಲ್ಲಿರುವ ಆಕ್ಸೆಸ್ ಲಾಗ್ ನೋಡಿ. ಅಲ್ಲಿ ಫೋನಿನ ವಿಳಾಸದಿಂದ ಒಂದು ಸಾಲೂ ಬಂದಿಲ್ಲವೆಂದರೆ ಕೋರಿಕೆ ಸರ್ವರನ್ನು ಮುಟ್ಟಿಯೇ ಇಲ್ಲ. ವಿಂಡೋಸ್ ಫೈರ್‌ವಾಲ್ ಜಾವಾವನ್ನು ತಡೆದಿರಬಹುದು, ಅಥವಾ ಹಾಸ್ಟೆಲಿನ ವೈಫೈ ಒಂದು ಸಾಧನವು ಇನ್ನೊಂದನ್ನು ಕಾಣದಂತೆ ಬೇರ್ಪಡಿಸಿರಬಹುದು. ಎರಡನೆಯ ಸಂದರ್ಭದಲ್ಲಿ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನು ಸೇರಿಸಿದರೆ ಕೆಲಸ ಸಾಮಾನ್ಯವಾಗಿ ಸಾಗುತ್ತದೆ. ಸಾಲು ಬಂದು 404 ಇದ್ದರೆ ವಾರ್ ಫೈಲಿನ (ಜಾಲತಾಣವನ್ನು ಕಟ್ಟಿ ಟಾಮ್‌ಕ್ಯಾಟಿಗೆ ಕೊಡುವ ಫೈಲು) ಹೆಸರನ್ನೂ ಸರ್ವ್‌ಲೆಟ್‌ನ ದಾರಿಯನ್ನೂ, 500 (ಸರ್ವರಿನೊಳಗಿನ ದೋಷ) ಇದ್ದರೆ ನಿಮ್ಮ ಕೋಡನ್ನೂ ನೋಡಬೇಕು.

ಹೊಲದ ಸ್ಥಳವನ್ನು ಜಿಪಿಎಸ್‌ನಿಂದ ಪಡೆಯುವ ಪುಟವಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ಸ್ಥಳ, ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಕೋಡು) ಇವುಗಳನ್ನು ಬ್ರೌಸರುಗಳು ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್ ವಿಳಾಸಕ್ಕೆ ಮಾತ್ರ ಒದಗಿಸುತ್ತವೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ನಡೆದದ್ದು ಐಪಿ ವಿಳಾಸದ ಮೂಲಕ ಫೋನಿನಲ್ಲಿ ನಡೆಯುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನಿಂದ ಫೋನನ್ನು ನಿಯಂತ್ರಿಸುವ ಎಡಿಬಿ ತಂತ್ರಾಂಶದ ರಿವರ್ಸ್ ಆದೇಶದಿಂದ ಫೋನಿನ 8080 ಪೋರ್ಟನ್ನು ಲ್ಯಾಪ್‌ಟಾಪಿನ 8080ಕ್ಕೆ ಜೋಡಿಸಿದರೆ, ಫೋನಿನ ಲೋಕಲ್‌ಹೋಸ್ಟ್ ಕೇಬಲ್ ಮೂಲಕ ನಿಮ್ಮ ಟಾಮ್‌ಕ್ಯಾಟನ್ನೇ ತಲುಪುತ್ತದೆ. ವೈಫೈ ಗೊಡವೆಯೂ ತಪ್ಪುವುದರಿಂದ ಪ್ರಯೋಗಾಲಯದಲ್ಲಿ ನನಗೆ ಇದೇ ಮೆಚ್ಚಿನ ದಾರಿ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಕನ್ನಡದ ಪರೀಕ್ಷೆಯನ್ನು. 'ವಿಜಯಪುರ' ಎಂಬುದು ಕಣ್ಣಿಗೆ ಐದು ಅಕ್ಷರ, ಯುನಿಕೋಡಿನಲ್ಲಿ ಏಳು ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 21 ಬೈಟ್. ಟಾಮ್‌ಕ್ಯಾಟ್ 9, ಬೇರೆ ಸೂಚನೆ ಇಲ್ಲದಾಗ, ಪೋಸ್ಟ್ ಮೂಲಕ ಬಂದ ಫಾರ್ಮನ್ನು ಐಎಸ್ಒ-8859-1 ಎಂಬ ಲ್ಯಾಟಿನ್ ಲಿಪಿಯ ಪದ್ಧತಿಯಲ್ಲೇ ಓದುತ್ತದೆ. ಆಗ ಒಂದೊಂದು ಬೈಟೂ ಒಂದೊಂದು ವಿಚಿತ್ರ ಲ್ಯಾಟಿನ್ ಚಿಹ್ನೆಯಾಗುತ್ತದೆ. ಜಾಲತಾಣದ ಸೆಟ್ಟಿಂಗ್ ಫೈಲಾದ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ರಿಕ್ವೆಸ್ಟ್ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಇದು ಸರಿಹೋಗುತ್ತದೆ. ಟಾಮ್‌ಕ್ಯಾಟ್ 10ರಿಂದ ಮುಂದೆ ಸರ್ವರಿನ ಸಾಮಾನ್ಯ ಕಾನ್ಫಿಗರೇಶನ್‌ನಲ್ಲಿಯೇ ಈ ಸೂಚನೆ ಇದೆ. ಎಚ್‌ಟಿಎಂಎಲ್ ನಡುವೆ ಜಾವಾ ಬರೆಯುವ ಜೆಎಸ್‌ಪಿ ಪುಟಗಳ ತಲೆಯಲ್ಲಿಯೂ ಯುಟಿಎಫ್-8 ಎಂದು ನಮೂದಿಸಬೇಕು. ವಿಚಿತ್ರ ಚಿಹ್ನೆಗಳ ಬದಲು ಸಾಲು ಸಾಲಾಗಿ ಪ್ರಶ್ನಾರ್ಥಕಗಳು ಕಂಡರೆ ತಪ್ಪು ಸಾಮಾನ್ಯವಾಗಿ ಡೇಟಾಬೇಸಿನ ಕ್ಯಾರೆಕ್ಟರ್ ಸೆಟ್‌ನಲ್ಲಿರುತ್ತದೆ. ಹೆಸರನ್ನು ಫೋನಿನ ಕನ್ನಡ ಕೀಲಿಮಣೆಯಿಂದಲೇ ಒತ್ತಿ, ಉಳಿಸಿ, ಮತ್ತೆ ತೆರೆದು ನೋಡಬೇಕು; ಒತ್ತಕ್ಷರವಿರುವ ಊರಿನ ಹೆಸರುಗಳನ್ನೂ ಹಾಕಿ ನೋಡುವುದು ಒಳ್ಳೆಯದು.

ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಕನ್ನಡದ ಪುಟಗಳು ಭಾರವಾಗುತ್ತವೆ. ಸಿಗ್ನಲ್ ದುರ್ಬಲವಾಗಿರುವ ತೋಟದ ವಸತಿಗಳಲ್ಲಿ ಇದು ಅನುಭವಕ್ಕೆ ಬರುತ್ತದೆ. ಟಾಮ್‌ಕ್ಯಾಟಿನ ಸೆಟ್ಟಿಂಗ್ ಫೈಲಾದ ಸರ್ವರ್ ಡಾಟ್ ಎಕ್ಸ್‌ಎಂಎಲ್‌ನ ಕನೆಕ್ಟರಿನಲ್ಲಿ (ಕೋರಿಕೆ ಸ್ವೀಕರಿಸುವ ಭಾಗ) ಕಂಪ್ರೆಶನ್, ಅಂದರೆ ಕುಗ್ಗಿಸುವಿಕೆ, ಆನ್ ಮಾಡಿ, ಫೋನನ್ನು ಕೇಬಲ್‌ನಲ್ಲಿಟ್ಟು ಕ್ರೋಮ್‌ನ ರಿಮೋಟ್ ಡೀಬಗಿಂಗ್‌ನಲ್ಲಿ ಉತ್ತರದ ಹೆಡರಿನಲ್ಲಿ ಕುಗ್ಗಿಸಿದ್ದರ ಗುರುತಾದ ಜಿಜಿಪ್ ಎಂದಿದೆಯೇ ನೋಡಿ. 48 ಕೆಬಿಗಿಂತ ದೊಡ್ಡ ಸ್ಥಿರ ಫೈಲುಗಳಿಗೆ ಅದು ಕಾಣದಿದ್ದರೆ ಗಾಬರಿ ಬೇಡ: ಅವುಗಳನ್ನು ಟಾಮ್‌ಕ್ಯಾಟ್ ಸೆಂಡ್‌ಫೈಲ್ (ಫೈಲನ್ನು ಇದ್ದಂತೆಯೇ ಕಳಿಸುವ ವಿಧಾನ) ಮೂಲಕ ಕುಗ್ಗಿಸದೆ ಕಳಿಸುತ್ತದೆ, ಅದೇ ಕನೆಕ್ಟರಿನಲ್ಲಿ ಯೂಸ್ ಸೆಂಡ್‌ಫೈಲ್ ಎಂಬುದನ್ನು ಫಾಲ್ಸ್ ಮಾಡಿದರೆ ಅವೂ ಕುಗ್ಗಿ ಬರುತ್ತವೆ.