ಹವಳದ ಟ್ಯಾಂಕಿನ ಮಾಂಸಾಹಾರಿ ಬಸವನಹುಳು ತಿನ್ನುವುದೇನನ್ನು?

ಪ್ರಶ್ನೆ: ಮುಂಬೈಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಂಡ, ಕಪ್ಪು ಹಳದಿ ಪಟ್ಟೆಗಳ ಪುಟ್ಟ ಬಸವನಹುಳುಗಳನ್ನು ನಮ್ಮ ಹವಳದ ಟ್ಯಾಂಕಿಗೆ ಬಿಟ್ಟಿದ್ದೇವೆ. ಅವು ಮಾಂಸಾಹಾರಿಗಳೆಂದು ಈಗ ತಿಳಿಯಿತು. ಪಾಚಿ ತಿನ್ನುವ ಟರ್ಬೋ ಬಸವನಹುಳುಗಳಲ್ಲಿ ಎರಡು ಈಚೆಗೆ ಸತ್ತಿವೆ. ಕೊಂದದ್ದು ಇವೇ ಇರಬಹುದೇ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ಇರಬಹುದು, ಆದರೆ ಸಾಧ್ಯತೆ ಕಡಿಮೆ. ಸತ್ತ ಟರ್ಬೋದ ಮೇಲೆ ಬೇರೊಂದು ಹುಳು ಕುಳಿತಿದ್ದನ್ನು ಕಂಡಮಾತ್ರಕ್ಕೆ ಅದನ್ನೇ ಕೊಲೆಗಾರನೆಂದು ತಿಳಿಯಬಾರದು. ಮರಳಿನಲ್ಲಿ ಹುದುಗಿ ಉಸಿರುನಳಿಕೆಯನ್ನಷ್ಟೇ ಹೊರಚಾಚಿಕೊಂಡಿರುವ ನಸ್ಸೇರಿಯಸ್ ಬಸವನಹುಳು, ಸತ್ತ ಪ್ರಾಣಿಯ ವಾಸನೆ ಹತ್ತಿದೊಡನೆ ಮೇಲೆದ್ದು ಬರುತ್ತದೆ. ಕೊಳೆಯುವುದನ್ನು ತಿಂದು ನೀರನ್ನು ಕಾಪಾಡುವುದೇ ಅದರ ಕೆಲಸ. ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ಸತ್ತ ಹುಳುವಿನ ಖಾಲಿ ಚಿಪ್ಪನ್ನು.

ಚಿಪ್ಪಿನಲ್ಲಿ ದುಂಡಗಿನ, ಅಂಚು ನಯವಾದ ಸಣ್ಣ ರಂಧ್ರವೊಂದಿದ್ದರೆ ಅದು ಮ್ಯೂರೆಕ್ಸ್ ಕುಟುಂಬದ ಕೊರೆಯುವ ಬಸವನಹುಳುವಿನ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಇವು ಆಮ್ಲೀಯ ದ್ರವದಿಂದ ಚಿಪ್ಪನ್ನು ಮೆತ್ತಗಾಗಿಸಿ, ಅರದಂತಿರುವ ನಾಲಿಗೆಯಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೆರೆದು, ಒಳಕ್ಕೆ ಸೊಂಡಿಲಿಳಿಸಿ ಮಾಂಸವನ್ನು ತಿನ್ನುತ್ತವೆ. ಬಾಂದ್ರಾದ ಕಡಲ ಬಂಡೆಗಳ ಮೇಲೆ, ಅಲ್ಲೇ ಅಂಟಿಕೊಂಡು ಬೆಳೆಯುವ ಬಾರ್ನಕಲ್‌ಗಳ ನಡುವೆ ಕಾಣುವ ಒರಟು ಚಿಪ್ಪಿನ ಹುಳುಗಳೂ ಇದೇ ಕುಟುಂಬದವು. ಆದ್ದರಿಂದ ಅಲ್ಲಿಂದ ಕಲ್ಲನ್ನಾಗಲಿ ಹುಳುವನ್ನಾಗಲಿ ಟ್ಯಾಂಕಿಗೆ ತರಬಾರದು. ಕೋನ್ ಬಸವನಹುಳುವನ್ನಂತೂ ಬರಿಗೈಯಲ್ಲಿ ಮುಟ್ಟಲೇಬಾರದು; ಅದರ ವಿಷದ ಮುಳ್ಳು ಕೆಲವು ಜಾತಿಗಳಲ್ಲಿ ಮನುಷ್ಯನ ಪ್ರಾಣವನ್ನೇ ತೆಗೆದಿದೆ.

ರಂಧ್ರವಿಲ್ಲದಿದ್ದರೆ ನನ್ನ ಅನುಮಾನ ಹೋಗುವುದು ಪರಾವಲಂಬಿ ಬಸವನಹುಳುಗಳಾದ ಪಿರಮಿಡೆಲ್ಲಿಡ್‌ಗಳ ಕಡೆಗೆ. ಅಕ್ಕಿಕಾಳಿನಂತೆ ಬೆಳ್ಳಗಿದ್ದು ಕೆಲವೇ ಮಿಲಿಮೀಟರ್ ಉದ್ದವಿರುವ ಇವುಗಳಿಗೆ ಕೆರೆಯುವ ನಾಲಿಗೆಯೇ ಇಲ್ಲ. ಉದ್ದನೆಯ ಸೊಂಡಿಲಿನ ತುದಿಯ ಸೂಜಿಯನ್ನು ಚುಚ್ಚಿ ಟರ್ಬೋ ಅಥವಾ ಟ್ರೈಡಾಕ್ನಾ ಚಿಪ್ಪುಜೀವಿಯ ದೇಹದ್ರವವನ್ನು ಹೀರುತ್ತವೆ. ಒಂದೆರಡಿದ್ದರೆ ಹಾನಿ ಅಷ್ಟಾಗಿ ತಿಳಿಯದು. ಮುಚ್ಚಿದ ಟ್ಯಾಂಕಿನಲ್ಲಿ ಅವು ಬೇಗ ಹೆಚ್ಚುವುದರಿಂದ ಆಶ್ರಯ ಕೊಟ್ಟ ಜೀವಿ ದಿನೇ ದಿನೇ ಸೊರಗಿ ಸಾಯುತ್ತದೆ. ಹಗಲಿನಲ್ಲಿ ಅಡಿಭಾಗದಲ್ಲಿ ಅಡಗಿರುತ್ತವೆ; ದೀಪ ಆರಿಸಿದ ಒಂದೆರಡು ಗಂಟೆಗಳ ನಂತರ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ ಚಿಪ್ಪಿನ ಬಾಯಿಯ ಸುತ್ತ ಗುಂಪುಗೂಡಿರುವುದು ಕಾಣಬಹುದು. ಗಾಜಿನ ಮೇಲೆ ಪಾಚಿ ಮೇಯುತ್ತಾ ಓಡಾಡುವ ಪುಟ್ಟ ಬಿಳಿ ಹುಳುಗಳನ್ನು ಇವೆಂದು ಭಾವಿಸಿ ಕೊಲ್ಲಬೇಡಿ, ಅವು ನಿರುಪದ್ರವಿಗಳು. ಪಿರಮಿಡೆಲ್ಲಿಡ್ ಎಂದು ಖಚಿತವಾದರೆ, ಟ್ಯಾಂಕಿನ ನೀರನ್ನೇ ತುಂಬಿದ ಬೇರೆ ಪಾತ್ರೆಯಲ್ಲಿ ಟರ್ಬೋಗಳ ಚಿಪ್ಪನ್ನು ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಅಂಟಿನಂಥ ಮೊಟ್ಟೆಗಳನ್ನೂ ತೆಗೆದು, ಆ ನೀರನ್ನು ಟ್ಯಾಂಕಿಗೆ ಮರಳಿ ಸುರಿಯದೆ ಚೆಲ್ಲಬೇಕು. ತಪ್ಪಿಸಿಕೊಂಡ ಮೊಟ್ಟೆಗಳು ಒಡೆಯುವುದರಿಂದ ಕೆಲವು ವಾರಗಳ ಕಾಲ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಆರು ಗೆರೆಗಳ ರಾಸ್ ಮೀನು ಇವನ್ನು ಹೆಕ್ಕಿ ತಿನ್ನುತ್ತದೆ, ಆದರೆ ಅದು ಜಗಳಗಂಟಿ ಮೀನಾದ್ದರಿಂದ ಸಣ್ಣ ಟ್ಯಾಂಕಿಗೆ ನಾನು ಸೂಚಿಸುವುದಿಲ್ಲ.

ಈಗ ನಿಮ್ಮ ಪಟ್ಟೆಯ ಹುಳುಗಳ ವಿಷಯ. ಬಂಬಲ್‌ಬೀ ಎಂದು ಮಾರುವ ಇದರ ಶಾಸ್ತ್ರೀಯ ಹೆಸರು ಎಂಜಿನಾ ಮೆಂಡಿಕೇರಿಯಾ. ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್. ಕಲ್ಲಿನ ಸಂದುಗಳಲ್ಲೂ ಮರಳಿನಲ್ಲೂ ಇರುವ, ಎರೆಹುಳುವಿನಂತೆ ಉದ್ದನೆಯ ಬ್ರಿಸಲ್ ವರ್ಮ್‌ನಂಥ ಹುಳುಗಳೇ ಇದರ ಮುಖ್ಯ ಆಹಾರ. ಹವಳದ ತಂಟೆಗೆ ಇದು ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಮರಳನ್ನು ಸಡಿಲವಾಗಿಡುವ ಉಪಕಾರಿ ಹುಳುಗಳನ್ನೂ ತಿಂದುಬಿಡುವ ಕಾರಣ, ಪುಟ್ಟ ಟ್ಯಾಂಕಿನಲ್ಲಿ ಇದರ ಸಂಖ್ಯೆ ಹೆಚ್ಚಿರಬಾರದೆಂಬುದು ನನ್ನ ಅಭಿಪ್ರಾಯ. ಬೇಟೆಯ ಹುಳುಗಳು ಮುಗಿದು ಹಸಿವಾದಾಗ ಸಣ್ಣ ಬಸವನಹುಳುಗಳ ಮೇಲೆ ಎರಗುವುದೂ ಉಂಟು. ಆಗಲೇ ಸೊರಗಿರುವ ಟರ್ಬೋ ಅದಕ್ಕೆ ಸುಲಭದ ತುತ್ತು. ಸಂಜೆ ದೀಪ ಆರಿದ ಮೇಲೆ ಉಪ್ಪು ಹಾಕದ ಹಸಿ ಸಿಗಡಿಯ ಸಣ್ಣ ಚೂರೊಂದನ್ನು ಅವು ಅಡಗುವ ಕಲ್ಲಿನ ಬುಡದಲ್ಲಿಟ್ಟು, ಉಳಿದದ್ದನ್ನು ಬೆಳಿಗ್ಗೆ ತೆಗೆದುಬಿಡಿ. ಸಿಗಡಿಯ ಮೇಲೆ ಅವು ತಡಮಾಡದೆ ಮುಗಿಬಿದ್ದರೆ ಟ್ಯಾಂಕಿನಲ್ಲಿ ಅವುಗಳಿಗೆ ಆಹಾರ ಸಾಲುತ್ತಿಲ್ಲವೆಂದು ಊಹಿಸಬಹುದು. ಆಗ ವಾರಕ್ಕೆ ಒಂದೆರಡು ಬಾರಿ ಹೀಗೆ ಉಣಿಸಿ, ಇಲ್ಲವೇ ಕೆಲವನ್ನು ಅಂಗಡಿಗೆ ಹಿಂದಿರುಗಿಸಿ. ಬೇಡವೆನಿಸಿದವನ್ನು ಕಡಲಿಗಾಗಲಿ ಖಾಡಿಗಾಗಲಿ (ಕಡಲ ಹಿನ್ನೀರಿಗಾಗಲಿ) ಬಿಡಬೇಡಿ.