ತಳದಲ್ಲಿದ್ದ ಮಿಸಿಸಿಪ್ಪಿ ಮೇಲಕ್ಕೆ ಬಂದಿದ್ದು ಹೇಗೆ?

2004ರಲ್ಲಿ ಅಮೆರಿಕದ ರಾಜ್ಯಗಳ ಸರಾಸರಿ ಐಕ್ಯೂ (ಬುದ್ಧಿಮತ್ತೆಯ ಅಂಕ) ಎಂಬ ಪಟ್ಟಿಯೊಂದು ಎಲ್ಲೆಡೆ ಹರಿದಾಡಿತು. ಕನೆಕ್ಟಿಕಟ್ ಮೇಲೆ, ಮಿಸಿಸಿಪ್ಪಿ ತಳದಲ್ಲಿ. ಬ್ರಿಟನ್ನಿನ ‘ದಿ ಇಕಾನಮಿಸ್ಟ್’ ಕೂಡ ನಂಬಿ ಅಚ್ಚು ಹಾಕಿತು, ಆಮೇಲೆ ತಪ್ಪೊಪ್ಪಿಕೊಂಡಿತು. ಪಟ್ಟಿ ಪೂರ್ತಿ ಕಟ್ಟುಕತೆ! ಆದರೆ ಇಂಥ ಲೆಕ್ಕದ ಹುಚ್ಚು ಅಮೆರಿಕಕ್ಕೆ ಹೊಸದಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ, 1917-18ರಲ್ಲಿ, ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕಿಸ್ ಮುಂದೆ ನಿಂತು ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿ ಪರೀಕ್ಷೆ ಮಾಡಿಸಿದರು. ಹುಟ್ಟಿನಿಂದ ಬಂದ ಬುದ್ಧಿಯನ್ನೇ ಅಳೆಯುತ್ತಿದ್ದೇವೆ ಎಂಬುದು ಅವರ ವಾದ. ಒಂದು ಪ್ರಶ್ನೆ ನೋಡಿ: ‘ಕ್ರಿಸ್ಕೊ ಅಂದರೆ ಔಷಧಿಯೋ, ಕ್ರಿಮಿನಾಶಕವೋ, ಟೂತ್‌ಪೇಸ್ಟೋ, ಆಹಾರ ಪದಾರ್ಥವೋ?’ ಕ್ರಿಸ್ಕೊ ಅಂದರೆ ನಮ್ಮ ಡಾಲ್ಡಾ ಥರದ ಅಡುಗೆ ಕೊಬ್ಬು. ಅದನ್ನು ಅಂಗಡಿಯಲ್ಲಿ ಕಂಡವನು ಬುದ್ಧಿವಂತ, ಕಾಣದ ಹಳ್ಳಿ ಹುಡುಗ ದಡ್ಡ. ಇದೆಂಥ ಅಳತೆ ಅಲ್ವಾ?

ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಇದೇ ಅಂಕಗಳನ್ನು ಹಿಡಿದು 1923ರಲ್ಲಿ ಜನಾಂಗಗಳಿಗೆ ಮೇಲು-ಕೀಳು ಹಚ್ಚಿದರು. ಆದರೆ ಅದೇ ಕಡತದಲ್ಲಿ ಅವರಿಗೆ ಬೇಡವಾದ ಸಂಗತಿಯೂ ಇತ್ತು. ಇಲಿನಾಯ್, ಒಹಾಯೊದಂಥ ಉತ್ತರದ ರಾಜ್ಯಗಳ ಕಪ್ಪು ಸೈನಿಕರ ಅಂಕ, ಮಿಸಿಸಿಪ್ಪಿ, ಅರ್ಕಾನ್ಸಾದ ಬಿಳಿಯರ ಅಂಕಕ್ಕಿಂತ ಜಾಸ್ತಿ! ಕಪ್ಪು ವಿದ್ವಾಂಸ ಹೊರೇಸ್ ಮ್ಯಾನ್ ಬಾಂಡ್ 1924ರಲ್ಲೇ ಇದನ್ನು ಎತ್ತಿ ತೋರಿಸಿದರು. ಅಂಕ ಹಿಂಬಾಲಿಸಿದ್ದು ಬಣ್ಣವನ್ನಲ್ಲ, ಶಾಲೆಯನ್ನು. ದಕ್ಷಿಣದಿಂದ ನ್ಯೂಯಾರ್ಕಿಗೆ ಬಂದ ಕಪ್ಪು ಮಕ್ಕಳನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆಟೊ ಕ್ಲೈನ್‌ಬರ್ಗ್‌, ಅಲ್ಲಿ ಹೆಚ್ಚು ವರ್ಷ ಇದ್ದವರ ಅಂಕ ಹೆಚ್ಚು ಎಂದು 1935ರಲ್ಲಿ ಬರೆದರು. ಅಷ್ಟರಲ್ಲಿ ಬ್ರಿಗಮ್ ಕೂಡ ತಮ್ಮ ಮಾತು ಹಿಂದೆ ತೆಗೆದುಕೊಂಡಿದ್ದರು.

1984ರಲ್ಲಿ ಶಿಕ್ಷಣ ಕಾರ್ಯದರ್ಶಿ ಟೆರೆಲ್ ಬೆಲ್ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಹಾಕಿ ರಾಜ್ಯಗಳ ಪಟ್ಟಿ ಹೊರಡಿಸಿದರು. ಅದರಲ್ಲೂ ಗೊಂದಲ. ಕೆಲವು ರಾಜ್ಯಗಳಲ್ಲಿ ಎಸ್‌ಎಟಿ ಎಂಬ ಆ ಪ್ರವೇಶ ಪರೀಕ್ಷೆ ಬರೆಯುವವರು ಬೆರಳೆಣಿಕೆಯ ಜಾಣರು ಮಾತ್ರ, ಹಾಗಾಗಿ ಸರಾಸರಿ ತಾನಾಗಿ ಏರುತ್ತದೆ. 1969ರಿಂದ ನಡೆಯುತ್ತಿದ್ದ ಶಾಲಾ ಮಕ್ಕಳ ರಾಷ್ಟ್ರೀಯ ಪರೀಕ್ಷೆ, ಎನ್‌ಎಇಪಿ, ರಾಜ್ಯವಾರು ಅಂಕ ಕೊಡತೊಡಗಿದ್ದು 1990ರಲ್ಲಿ. ಮಕ್ಕಳ ಮಾದರಿ ಆರಿಸಿ ಬರೆಸುವ ಪರೀಕ್ಷೆಯಾದ್ದರಿಂದ ಇದು ವಾಸಿ.

2006ರಲ್ಲಿ ಮೈಕಲ್ ಮೆಕ್‌ಡೇನಿಯಲ್ ಎಂಬ ಸಂಶೋಧಕ ಈ ಎನ್‌ಎಇಪಿ ಅಂಕಗಳಿಂದಲೇ ರಾಜ್ಯಗಳ ಐಕ್ಯೂ ಅಂದಾಜು ಮಾಡಿದರು. ಮ್ಯಾಸಚೂಸೆಟ್ಸ್ 104.3, ಮಿಸಿಸಿಪ್ಪಿ 94.2. ಶಾಲೆಯ ಅಂಕಕ್ಕೆ ಬುದ್ಧಿ ಅಂತ ಚೀಟಿ ಅಂಟಿಸಿದ್ದು ಅಷ್ಟೇ, ನನ್ನನ್ನು ಕೇಳಿದರೆ.

ಯಾಕೆಂದರೆ ಮುಂದೆ ಆಗಿದ್ದು ನೋಡಿ. ಮಿಸಿಸಿಪ್ಪಿ 2013ರಲ್ಲಿ ಓದಿನ ಕಾನೂನು ತಂದಿತು. ಅಕ್ಷರ-ಧ್ವನಿ ಕೂಡಿಸಿ ಕಲಿಸಲು ಟೀಚರ್‌ಗಳಿಗೆ ತರಬೇತಿ ಕೊಟ್ಟಿತು. ಓದಲು ಬಾರದ ಮಕ್ಕಳನ್ನು ಮೂರನೇ ತರಗತಿಯಲ್ಲೇ ಉಳಿಸಿತು. ಎನ್‌ಎಇಪಿಯಲ್ಲಿ ಅದರ ನಾಲ್ಕನೇ ತರಗತಿಯ ಓದಿನ ಅಂಕ 2013ರಲ್ಲಿ 209 ಇದ್ದದ್ದು 2019ಕ್ಕೆ 219 ಆಗಿ ದೇಶದ ಸರಾಸರಿ ಮುಟ್ಟಿತು. 2024ರಲ್ಲಿ ಸರಾಸರಿಯನ್ನೇ ದಾಟಿತು. ಆರು ವರ್ಷದಲ್ಲಿ ಒಂದು ರಾಜ್ಯದ ಮಿದುಳು ಬದಲಾಗುತ್ತದೆಯೇ?

ಹಿಂದುಳಿದವರನ್ನು ತಡೆದಿಟ್ಟರೆ ನಾಲ್ಕನೇ ತರಗತಿಯ ಅಂಕ ಸುಮ್ನೆ ಏರುವುದಿಲ್ಲವೇ ಎಂದು ಟೀಕಾಕಾರರು ಕೇಳುತ್ತಾರೆ. ಎಂಟನೇ ತರಗತಿಯಲ್ಲಿ ಮಿಸಿಸಿಪ್ಪಿ ಇನ್ನೂ ಸರಾಸರಿಗಿಂತ ಕೆಳಗಿದೆ. ಜಗಳ ಈಗ ಅಲ್ಲಿಗೆ ಬಂದು ನಿಂತಿದೆ.