ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಯನ್ನು ಸಾಕಿ ಕಾಡಿಗೆ ಬಿಡಬಹುದಾ?

ಪ್ರಶ್ನೆ: ನಮ್ಮದು ಪಾಂಡವಪುರದ ಕಡೆ ಹಳ್ಳಿ. ಕಬ್ಬು ಕಡಿಯುವಾಗ ಆಗಾಗ ಚಿರತೆ ಮರಿ ಸಿಗುತ್ತವೆ. ತಾಯಿ ಕಾಣಿಸುವುದಿಲ್ಲ. ಅಂಥ ತಬ್ಬಲಿ ಮರಿಗಳಿಗೆ ಹಾಲು ಕುಡಿಸಿ, ಸ್ವಲ್ಪ ದೊಡ್ಡದು ಮಾಡಿ ಕಾಡಿಗೆ ಬಿಟ್ಟರೆ ತಪ್ಪೇನು?

ಉತ್ತರ: ತಾಯಿ ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಮರಿ ತಬ್ಬಲಿ ಆಗುವುದಿಲ್ಲ. ಹೀಗೆ ಸಿಕ್ಕ ಮರಿಗಳ ತಾಯಿ ಎಷ್ಟೋ ಸಲ ಪಕ್ಕದ ಗದ್ದೆಯಲ್ಲೇ ಇರುತ್ತದೆ.

ಕಬ್ಬು ಹತ್ತು ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಆಳೆತ್ತರ ಬಂದ ಮೇಲೆ ಒಳಗೆ ಯಾರೂ ಕಾಲಿಡುವುದಿಲ್ಲ. ನೆರಳಿದೆ, ನಾಲೆಯಲ್ಲಿ ನೀರಿದೆ, ಊರಲ್ಲಿ ಬೀದಿನಾಯಿಗಳಿವೆ. ಹೆಣ್ಣು ಚಿರತೆಗೆ ಮರಿ ಹಾಕಲು ಇನ್ನೇನು ಬೇಕು? ಸಾಮಾನ್ಯವಾಗಿ ಎರಡು ಮೂರು ಮರಿ. ಹುಟ್ಟಿದಾಗ ಅರ್ಧ ಕೆಜಿ ಆಸುಪಾಸು. ಮೊದಲ ವಾರ ಕಣ್ಣೇ ಬಿಟ್ಟಿರುವುದಿಲ್ಲ. ಅವನ್ನು ತರಗಿನಲ್ಲಿ ಬಚ್ಚಿಟ್ಟು ತಾಯಿ ಬೇಟೆಗೆ ಹೋಗುತ್ತದೆ. ಇಲ್ಲವೇ ಕಡಿಯುವವರ ಗದ್ದಲ ಕೇಳಿ ಆಚೆ ಸರಿದಿರುತ್ತದೆ. ಊರೆಲ್ಲ ಮೊಬೈಲ್ ಹಿಡಿದು ಸುತ್ತ ನಿಂತರೆ ಅದು ಬರುವುದಾದರೂ ಹೇಗೆ?

ಇಂಥ ಕಡೆ ಅರಣ್ಯ ಇಲಾಖೆಯವರು ಮಾಡುವ ಮೊದಲ ಕೆಲಸ ತಾಯಿ ಮರಿಯನ್ನು ಒಂದು ಮಾಡುವುದು. ವೈದ್ಯರು ಮರಿಯನ್ನು ನೋಡುತ್ತಾರೆ. ಸಂಜೆ ಹೊತ್ತಿಗೆ ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ಇಡುತ್ತಾರೆ. ಕ್ಯಾಮೆರಾ ಕಟ್ಟಿ ದೂರ ಹೋಗುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಕತ್ತಿನ ಹಿಂದೆ ಕಚ್ಚಿ ಒಯ್ಯುತ್ತದೆ. ಮೊದಲ ರಾತ್ರಿ ಬರದಿದ್ದರೆ ಮರುದಿನವೂ ಕಾಯುತ್ತಾರೆ. ಮಹಾರಾಷ್ಟ್ರದ ಜುನ್ನರ್ ಕಡೆಯೂ ನಮ್ಮ ಮಂಡ್ಯದ ಹಾಗೇ ಕಬ್ಬು ಜಾಸ್ತಿ. ಅಲ್ಲಿ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಸೇರಿ ಈ ರೀತಿ ಎಷ್ಟೋ ಮರಿಗಳನ್ನು ತಾಯಿಗೆ ಒಪ್ಪಿಸಿದ್ದಾರೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅನ್ನುತ್ತಾರಲ್ಲ, ಅದು ಚಿರತೆ ವಿಷಯದಲ್ಲಿ ನಿಜವಲ್ಲ. ವೈದ್ಯರು ಹಿಡಿದು ತಪಾಸಣೆ ಮಾಡಿದ ಮರಿಗಳನ್ನೂ ಅವು ಒಯ್ದಿವೆ. ಹಾಗಂತ ಸುಮ್ನೆ ಎತ್ತಿ ಆಡಿಸಬೇಡಿ.

ಇನ್ನೊಂದು ಮಾತು. ಸಿಕ್ಕಿದ್ದು ಚಿರತೆ ಮರಿಯೇ ಅಂತ ಖಾತ್ರಿ ಇದೆಯಾ? ಕಾಡುಬೆಕ್ಕಿನ ಮರಿಯೂ ಕಬ್ಬಿನಲ್ಲೇ ಸಿಗುತ್ತದೆ. ಅದರ ಕಿವಿ ಉದ್ದ, ಬಾಲ ಮೋಟು, ಮೈಮೇಲೆ ಮಸುಕು ಪಟ್ಟೆ. ಚಿರತೆ ಮರಿಗೆ ದುಂಡನೆ ಪುಟ್ಟ ಕಿವಿ, ಉದ್ದ ಬಾಲ, ಒತ್ತೊತ್ತಾಗಿ ಕಪ್ಪು ಚುಕ್ಕೆ.

ನಿಜವಾಗಿ ತಬ್ಬಲಿಯಾಗುವ ಮರಿಗಳೂ ಇವೆ. ತಾಯಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿರಬಹುದು, ಹಂದಿಗೆ ಕಟ್ಟಿದ ಉರುಳಿಗೆ ಬಿದ್ದಿರಬಹುದು. ನಾವು ಹಟ ಹಿಡಿದು ಇಡಿಸಿದ ಬೋನಿಗೇ ಬಿದ್ದಿರಬಹುದು. ಕರು ಹೋಯಿತು, ಬೋನು ಇಡಿ ಅಂತ ಕೂಗುವಾಗ ಗದ್ದೆಯೊಳಗೆ ಮರಿ ಇರಬಹುದು ಅಂತ ಯಾರು ಯೋಚಿಸುತ್ತಾರೆ? ಕರು ಕಳೆದುಕೊಂಡವರ ಸಿಟ್ಟು ನ್ಯಾಯವೇ. ಆದರೂ ಇದು ನಡೆಯುತ್ತದೆ.

ಅಂಥ ಮರಿಯನ್ನು ಸಾಕುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಮೊದಲು ಬೇಕಾದ್ದು ಹಾಲಲ್ಲ, ಬಿಸುಪು. ಮೈ ತಣ್ಣಗಾದ ಮರಿಗೆ ಕುಡಿಸಿದ್ದು ಅರಗುವುದಿಲ್ಲ. ಹಸುವಿನ ಹಾಲು ಬೇಡವೇ ಬೇಡ. ಅದರಲ್ಲಿ ಬೆಕ್ಕಿನ ಜಾತಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ, ಅರಗದ ಸಕ್ಕರೆ ಜಾಸ್ತಿ. ಭೇದಿ ಹತ್ತಿ ಎರಡೇ ದಿನಕ್ಕೆ ಸೊರಗುತ್ತದೆ. ತಿಳಿದವರು ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಕಲಸಿ ಕೊಡುತ್ತಾರೆ. ಅದನ್ನೂ ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಎತ್ತಿಕೊಂಡಿರಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಬೇಕು. ತಾಯಿ ನೆಕ್ಕಿದರೆ ತಾನೇ ಎಳೆ ಮರಿ ಉಚ್ಚೆ, ಕಕ್ಕ ಮಾಡುವುದು.

ಇಷ್ಟೆಲ್ಲ ಮಾಡಿ ಬೆಳೆಸಿದರೂ ಚಿರತೆಯನ್ನು ಕಾಡಿಗೆ ಬಿಡುವುದು ಕಷ್ಟ. ಅದು ಒಂದು ಒಂದೂವರೆ ವರ್ಷ ತಾಯಿಯ ಹಿಂದೆಯೇ ಸುತ್ತಿ ಬೇಟೆ ಕಲಿಯುತ್ತದೆ, ಮನುಷ್ಯರಿಂದ ದೂರ ಇರುವುದನ್ನೂ ಕಲಿಯುತ್ತದೆ. ಕೈಯಲ್ಲಿ ಬೆಳೆದದ್ದಕ್ಕೆ ಮನುಷ್ಯ ಅಂದರೆ ಊಟ. ಹಸಿದಾಗ ಊರಿಗೇ ಬರುತ್ತದೆ. ಹಾಗಾಗಿ ಅಂಥವು ಸಾಮಾನ್ಯವಾಗಿ ಕೊನೆವರೆಗೂ ಪುನರ್ವಸತಿ ಕೇಂದ್ರದಲ್ಲೇ ಉಳಿಯುತ್ತವೆ. ಮೈಸೂರು ಮೃಗಾಲಯಕ್ಕೆ ಸೇರಿದ ಅಂಥದ್ದೊಂದು ಕೇಂದ್ರ ಕೂರ್ಗಳ್ಳಿಯಲ್ಲಿದೆ. ಕಾಡುಬೆಕ್ಕಿನ ವಿಷಯ ಸ್ವಲ್ಪ ಬೇರೆ. ನೋಡಿಕೊಳ್ಳಲು ಒಬ್ಬರೇ ಇದ್ದು, ಮಾತಾಡಿಸದೆ, ಮುದ್ದು ಮಾಡದೆ, ಜೊತೆಯ ಮರಿಗಳ ಸಂಗಡವೇ ಬೆಳೆಸಿ, ಇಲಿ ಹಿಡಿಯುವುದು ಬಂದ ಮೇಲೆ ಸಿಕ್ಕ ಕಡೆಯೇ ಬಿಡಲು ಆಗುತ್ತದೆ. ಮುದ್ದು ಮಾಡದೆ ಇರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ!

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ನಾನಾದರೆ ಅಷ್ಟು ಹೊತ್ತೂ ಕಾಯಬೇಡಿ ಅನ್ನುತ್ತೇನೆ. ಮರಿ ಕಂಡ ಕೂಡಲೇ ಆ ಭಾಗದ ಕಟಾವು ನಿಲ್ಲಿಸಿ, ನಾಯಿಗಳನ್ನು ಓಡಿಸಿ, ಜನರನ್ನು ದೂರ ಕಳಿಸಿ ಫೋನ್ ಮಾಡಿ. ತಾಯಿ ಹತ್ತಿರದಲ್ಲೇ ಇರಬಹುದು, ನೀವೂ ಅಲ್ಲಿ ನಿಲ್ಲಬೇಡಿ. ಕಾರ್ಖಾನೆಯ ಫೀಲ್ಡ್‌ಮ್ಯಾನ್‌ಗೆ ವಿಷಯ ಹೇಳಿದರೆ ಕಡಿಯುವವರನ್ನು ಒಂದೆರಡು ದಿನ ಬೇರೆ ಗದ್ದೆಗೆ ಕಳಿಸಬಹುದು. ತರಗಿಗೆ ಬೆಂಕಿ ಮಾತ್ರ ಹಾಕಬೇಡಿ. ಸಿಕ್ಕಿದ್ದು ಒಂದೇ ಮರಿಯಾದರೂ ಒಳಗೆ ಇನ್ನೊಂದಿರಬಹುದು.